ಸ್ಪೀಕರ್ ಮತ್ತು ಆಂಪ್ಲಿಫೈಯರ್: ಈಡುಜೋಡಿನ ವಿಚಾರ

ಮನೆಗೆ ಸೊಸೆಯನ್ನೋ ಅಳಿಯನನ್ನೋ ಗೊತ್ತುಮಾಡುವಾಗ ನಮ್ಮ ಹಿರಿಯರು ಬಳಸುವ ಮಾತೊಂದಿದೆ: ಈಡುಜೋಡು. ಹುಡುಗ ಒಳ್ಳೆಯವನಿರಬಹುದು, ಹುಡುಗಿಯೂ ಗುಣವಂತೆಯಾಗಿರಬಹುದು. ಆದರೂ ಇಬ್ಬರಿಗೆ ಈಡುಜೋಡು ಆಗುವುದೇ ಎಂಬುದನ್ನು ಹಿರಿಯರು ಬೇರೆಯಾಗಿಯೇ ಕೇಳುತ್ತಾರೆ. ಮನೆಯಲ್ಲಿ ಸಂಗೀತ ಕೇಳಲೆಂದು ಕೊಳ್ಳುವ ಸ್ಪೀಕರುಗಳು ಹಾಗೂ ಅವುಗಳನ್ನು ನಡೆಸುವ ಆಂಪ್ಲಿಫೈಯರಿನ ವಿಷಯದಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಬೇಕೆಂಬುದು ನಮಗೆ ತಡವಾಗಿ, ಸಾಕಷ್ಟು ಹಣ ಕಳೆದುಕೊಂಡ ಬಳಿಕ ಹೊಳೆಯಿತು. ಹಣದ ಮಾತು ಹೋಗಲಿ. ಆ ಒಂದು ವರ್ಷದ ಅವಧಿಯಲ್ಲಿ ನಮ್ಮ ಮನೆಯ ಹಿರಿಯ ಜೀವವೊಂದು ತನ್ನ ಕಿವಿಗಳೇ ಹೋದುವೆಂದು ನಂಬಿ ಸಂಗೀತವನ್ನು ಕೈಬಿಟ್ಟಿತ್ತು. ಬೇರೆ ಮನೆಗಳಲ್ಲಿ ಹೀಗಾಗದಿರಲೆಂಬ ಆಶೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ತಂದೆಯವರು ಧಾರವಾಡದಲ್ಲಿ ಮೂವತ್ತೈದು ವರ್ಷ ಗಣಿತ ಕಲಿಸಿ ನಿವೃತ್ತರಾದವರು. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದಾಗ ಅವರಿಗೆ ಹತ್ತು ವರ್ಷ. ಓಣಿಯಲ್ಲಿ ರೇಡಿಯೋ ಇದ್ದ ಒಂದೇ ಮನೆಯ ಕಟ್ಟೆಯ ಮೇಲೆ ಕುಳಿತು ಅವರು ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ಲರ ದನಿಗಳನ್ನು ಕೇಳಿ ಬೆಳೆದರು. ಸಂಬಳ ಕೈಗೆ ಬರತೊಡಗಿದ ಮೇಲೆ ಒಂದೊಂದಾಗಿ ಎಲ್‌ಪಿ ರೆಕಾರ್ಡುಗಳನ್ನು ಕೂಡಿಹಾಕಿದರು. 1980ರ ದಶಕದಲ್ಲಿ ದೊಡ್ಡ ಮರದ ಪೆಟ್ಟಿಗೆಯ ಒಂದು ಜೊತೆ ಸ್ಪೀಕರು, ಕೆಲವು ವರ್ಷಗಳ ತರುವಾಯ 30 ವ್ಯಾಟಿನ ಆಂಪ್ಲಿಫೈಯರು ಮನೆಗೆ ಬಂದುವು. 1992ರ ಸೆಪ್ಟೆಂಬರಿನಲ್ಲಿ ಮನ್ಸೂರರು ತೀರಿಕೊಂಡ ಸುದ್ದಿ ಬಂದ ದಿನ ಸಂಜೆಯಿಂದ ನಡುರಾತ್ರಿಯವರೆಗೆ ಪಡಸಾಲೆಯಲ್ಲಿ ಅವರ ರೆಕಾರ್ಡುಗಳೇ ನಡೆದುದು ನಮಗೆ ಇಂದಿಗೂ ನೆನಪಿದೆ.

2017ರಲ್ಲಿ ತಾಯಿಯವರು ಲಿಂಗೈಕ್ಯರಾದ ನಂತರ ತಂದೆಯವರನ್ನು ನಾವು ಬೆಂಗಳೂರಿಗೆ ಕರೆತಂದೆವು. ರೆಕಾರ್ಡುಗಳು, ತಟ್ಟೆ ತಿರುಗಿಸುವ ಯಂತ್ರ, ಆಂಪ್ಲಿಫೈಯರು ಇವೆಲ್ಲ ಅವರೊಡನೆ ಬಂದುವು. ಪೆಟ್ಟಿಗೆಗಳು ಮಾತ್ರ ನಮ್ಮ ಅಪಾರ್ಟ್‌ಮೆಂಟಿಗೆ ಬಲು ದೊಡ್ಡವೆನಿಸಿ ಧಾರವಾಡದ ಮನೆಯ ಅಟ್ಟದಲ್ಲಿಯೇ ಉಳಿದುವು. ಅದಕ್ಕೆ ಬದಲಾಗಿ ಸಹೋದರರೆಲ್ಲ ಕೂಡಿ, ತಂದೆಯವರ ಎಪ್ಪತ್ತೆಂಟನೆಯ ಹುಟ್ಟುಹಬ್ಬಕ್ಕೆಂದು, ವಿದೇಶದಲ್ಲಿ ತಯಾರಾದ, ನೋಡಲು ಅತಿ ಸುಂದರವಾದ, ಬೆಲೆಯೂ ಅಷ್ಟೇ ದೊಡ್ಡದಾದ ಒಂದು ಜೊತೆ ಸಣ್ಣ ಸ್ಪೀಕರುಗಳನ್ನು ತಂದೆವು. ಅಂಗಡಿಯ ಕೋಣೆಯಲ್ಲಿ, ದಪ್ಪ ರತ್ನಗಂಬಳಿಯ ಮೇಲೆ, ಮಂಚದ ಪೆಟ್ಟಿಗೆಯಷ್ಟು ದೊಡ್ಡ ಆಂಪ್ಲಿಫೈಯರಿನೊಡನೆ ಅವು ಗಂಧರ್ವರಂತೆ ಹಾಡಿದ್ದುವು. ನಮ್ಮ ಮನೆಯಲ್ಲಿರುವ ಆಂಪ್ಲಿಫೈಯರು ಯಾವುದು, ಕೋಣೆ ಎಷ್ಟು ದೊಡ್ಡದು ಎಂದು ಅಂಗಡಿಯವರು ಕೇಳಲಿಲ್ಲ. ಹೇಳಬೇಕೆಂಬುದು ನಮಗೂ ತಿಳಿದಿರಲಿಲ್ಲ. ರೇಷ್ಮೆ ಸೀರೆಯೊಂದಕ್ಕೆ ನಾಲ್ಕು ಅಂಗಡಿ ಹತ್ತಿಳಿಯುವ ನಾವು ಇದನ್ನು ಅರ್ಧ ಗಂಟೆಯಲ್ಲಿ ಮುಗಿಸಿದ್ದೆವು.

ಮೊದಲ ದಿನವೇ ತಂದೆಯವರು ಮುಖ ಕಿರಿದುಮಾಡಿಕೊಂಡು, “ಮನ್ಸೂರರ ದನಿ ಹಗೇವಿನ ಒಳಗಿಂದ ಬಂದ್ಹಂಗ ಕೇಳಸ್ತದ. ಸ್ವಲ್ಪ ದೊಡ್ಡದು ಮಾಡು ತಮ್ಮಾ” ಎಂದರು. ದೊಡ್ಡದು ಮಾಡಿದರೆ ದನಿ ಹತ್ತಿರವಾಗುವ ಬದಲು ಒರಟಾಗುತ್ತಿತ್ತು. ತಿಂಗಳು ಕಳೆದಂತೆ ಗುಂಡಿ ಗಡಿಯಾರದ ಮೂರರ ಸ್ಥಾನವನ್ನೂ ದಾಟಿತು. ಆಂಪ್ಲಿಫೈಯರಿನ ಮೈ ರೊಟ್ಟಿಯ ಹಂಚಿನಂತೆ ಕಾಯತೊಡಗಿತು. ಒಂದು ಸಂಜೆ ದ್ರುತ್ ಖಯಾಲಿನ ತಾನಗಳ ನಡುವೆ ಬಲಗಡೆಯ ಸ್ಪೀಕರಿನ ಮೇಲುದನಿಯ ಘಟಕ ಸುಟ್ಟುಹೋಯಿತು. ಅದರ ಬದಲಿ ಬರಲು ಮೂರು ತಿಂಗಳಾಯಿತು. ಬಂದ ಮೇಲೂ ತಂದೆಯವರು ಹತ್ತಿರ ಸುಳಿಯಲಿಲ್ಲ. “ಯಂತ್ರದ್ದಲ್ಲ ತಪ್ಪು, ನನ್ನ ಕಿವಿ ಹೋಗ್ಯಾವ” ಎಂದು ರೆಕಾರ್ಡುಗಳನ್ನು ಧೋತರದಲ್ಲಿ ಸುತ್ತಿ ಕಪಾಟಿನ ಕೆಳಗಿಟ್ಟರು. ನಾಚಿಕೆಯ ಸಂಗತಿಯೆಂದರೆ, ನಾವೂ ಹಾಗೆಯೇ ತಿಳಿದಿದ್ದೆವು. ಎಂಬತ್ತರ ಸಮೀಪದ ವಯಸ್ಸಲ್ಲವೇ ಎಂದುಕೊಂಡು ಸುಮ್ಮನಿದ್ದೆವು.

ಆ ಮೌನ ಮುರಿದವರು ನಮ್ಮ ಬೀಗರು. ಆಕಾಶವಾಣಿಯ ತಾಂತ್ರಿಕ ವಿಭಾಗದಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದ ಅವರು ಮಗಳನ್ನು ನೋಡಲೆಂದು ಬಂದಾಗ, ಮುಚ್ಚಿಟ್ಟ ಯಂತ್ರವನ್ನು ಕಂಡು ಕಾರಣ ಕೇಳಿದರು. ನಾವು ಹೇಳಿದುದನ್ನೆಲ್ಲ ಕೇಳಿಕೊಂಡು, ಸ್ಪೀಕರಿನ ಬೆನ್ನಿಗಿದ್ದ ಚೀಟಿಯನ್ನು ಕನ್ನಡಕವೇರಿಸಿ ಓದಿ, “ಕಿವಿ ನೋಡಾಕ ಡಾಕ್ಟರ್ ಇದ್ದಾರ. ಇದನ್ನ ನೋಡಿದವರು ಯಾರೂ ಇಲ್ಲ” ಎಂದರು. ಅಂದಿನಿಂದ ಎರಡು ದಿನ ಅವರು ನಮಗೆ ಕೊಟ್ಟ ಪಾಠವೇ ಈ ಲೇಖನದ ತಿರುಳು. ಕೆಲವನ್ನು ನಾವು ಆಮೇಲೆ ಓದಿ ತಿಳಿದೆವು.

ಚೀಟಿಯ ಮೇಲೆ ಎರಡು ಅಂಕಿಗಳಿದ್ದುವು. ಮೊದಲನೆಯದನ್ನು ಸೆನ್ಸಿಟಿವಿಟಿ ಎನ್ನುತ್ತಾರೆ. ಸ್ಪೀಕರಿಗೆ ಒಂದು ವ್ಯಾಟ್ ಶಕ್ತಿ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಧ್ವನಿ ಹೊರಡುವುದೆಂಬುದು ಇದರ ಅರ್ಥ. ಹೊಸ ಸ್ಪೀಕರುಗಳದು 84, ಅಟ್ಟದಲ್ಲಿದ್ದ ಹಳೆಯ ಪೆಟ್ಟಿಗೆಗಳದು 91. ಏಳು ಡೆಸಿಬೆಲ್ಲಿನ ವ್ಯತ್ಯಾಸ ಕಾಗದದ ಮೇಲೆ ಸಣ್ಣದೆನಿಸುತ್ತದೆ. ಆದರೆ ಡೆಸಿಬೆಲ್ಲಿನ ಲೆಕ್ಕ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಮೂರು ಡೆಸಿಬೆಲ್ ಏರಬೇಕಾದರೆ ಶಕ್ತಿ ಎರಡು ಪಟ್ಟಾಗಬೇಕು; ಹತ್ತು ಏರಬೇಕಾದರೆ ಹತ್ತು ಪಟ್ಟು. ಏಳಕ್ಕೆ ಐದು ಪಟ್ಟು. ಗಣಿತದ ಮೇಷ್ಟ್ರಾದ ನಮ್ಮ ತಂದೆಯವರು ಇಷ್ಟು ಹೊತ್ತು ಬೇರೆ ಕಡೆ ನೋಡುತ್ತಿದ್ದವರು ಇಲ್ಲಿಗೆ ಬಂದಾಗ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಲೆಕ್ಕವನ್ನು ಅವರೇ ಮುಂದುವರಿಸಿದರು. ಧಾರವಾಡದಲ್ಲಿ ಸಾಧಾರಣ ಎತ್ತರದ ಗಾಯನಕ್ಕೆ ಎರಡು ವ್ಯಾಟ್ ಸಾಕಾಗುತ್ತಿದ್ದರೆ, ಅದೇ ಎತ್ತರಕ್ಕೆ ಇಲ್ಲಿ ಹತ್ತು ವ್ಯಾಟ್ ಬೇಕು. ಇದು ಸರಾಸರಿ ಮಾತ್ರ. ಗಾಯಕರು ತಾರಸಪ್ತಕದ ಷಡ್ಜಕ್ಕೆ ಏರಿ ನಿಂತಾಗ, ತಬಲದ ಮೇಲೆ ಒಂದು ಬಲವಾದ ಥಾಪು ಬಿದ್ದಾಗ ಆ ಕ್ಷಣದ ಧ್ವನಿ ಸರಾಸರಿಗಿಂತ ಹತ್ತು ಡೆಸಿಬೆಲ್ಲಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಮೇಲಿರುತ್ತದೆ. ಹಾಗಿದ್ದರೆ ಆ ಕ್ಷಣಕ್ಕೆ ಬೇಕಾದುದು ನೂರು ವ್ಯಾಟ್. ಇದ್ದುದು ಮೂವತ್ತು. “ಉಳಿದ ಎಪ್ಪತ್ತು ಎಲ್ಲಿಂದ ತರಬೇಕು?” ಎಂದು ಬೀಗರು ಕೇಳಿದರು. ತಂದೆಯವರು ಉತ್ತರಿಸಲಿಲ್ಲ. ಆದರೆ ವರ್ಷದ ನಂತರ ಮೊದಲ ಬಾರಿ ಅವರ ಮುಖದಲ್ಲಿ ಒಂದು ಬಗೆಯ ಸಮಾಧಾನ ಕಂಡಿತು.

ಎಲ್ಲಿಂದಲೂ ತರಲಾಗದ ಆಂಪ್ಲಿಫೈಯರು ಧ್ವನಿಯ ಅಲೆಯ ನೆತ್ತಿಯನ್ನು ಕತ್ತರಿಸಿ ಮಟ್ಟಮಾಡಿಬಿಡುತ್ತದೆ. ದುಂಡಗೆ ಏರಿ ಇಳಿಯಬೇಕಾದ ಅಲೆ ಚಪ್ಪಟೆಯಾಗುತ್ತದೆ. ಆ ಕತ್ತರಿಸಿದ ಅಂಚುಗಳಿಂದ ಮೂಲ ಸಂಗೀತದಲ್ಲಿ ಇಲ್ಲದ ಮೇಲುದನಿಗಳು ಹುಟ್ಟುತ್ತವೆ. ಒರಟುತನ ಬಂದುದು ಅಲ್ಲಿಂದ. ಆ ಹೆಚ್ಚುವರಿ ಶಕ್ತಿ ಮೇಲುದನಿಯ ಪುಟ್ಟ ಘಟಕದ ಕೂದಲೆಳೆಯಂಥ ತಂತಿಗೆ ಹರಿದು ಅದು ಸುಟ್ಟುಹೋಗುತ್ತದೆ. ದೊಡ್ಡ ಆಂಪ್ಲಿಫೈಯರು ಸ್ಪೀಕರನ್ನು ಸುಡುತ್ತದೆಯೆಂಬ ಹೆದರಿಕೆ ಜನರಲ್ಲಿ ಬಹಳ. ಅತಿಯಾಗಿ ಏರಿಸಿದರೆ ಅದೂ ನಿಜವೇ. ಆದರೆ ಮನೆಗಳಲ್ಲಿ ಸುಡುವುದು ಹಲವು ಸಲ ಚಿಕ್ಕ ಆಂಪ್ಲಿಫೈಯರು, ತನ್ನ ಶಕ್ತಿ ಮೀರಿ ದುಡಿಯುವಾಗ.

ಎರಡನೆಯ ಅಂಕಿ ಇಂಪೀಡೆನ್ಸಿನದು. ಹರಿದುಬರುವ ವಿದ್ಯುತ್ತಿಗೆ ಸ್ಪೀಕರು ಒಡ್ಡುವ ತಡೆಯನ್ನು ಓಮ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಹಳೆಯ ಪೆಟ್ಟಿಗೆಗಳದು 8 ಓಮ್, ಹೊಸವುಗಳದು 4. ತಡೆ ಕಡಿಮೆಯಾದಷ್ಟೂ ಒಳ್ಳೆಯದಲ್ಲವೇ ಎಂದು ನಾವು ಕೇಳಿದೆವು. ಬೀಗರು ನಕ್ಕು, ಕಾಲುವೆಯ ತೂಬನ್ನು ಪೂರ್ತಿ ತೆರೆದರೆ ನೀರು ರಭಸವಾಗಿ ಹರಿಯುವುದು ನಿಜ, ಆದರೆ ಕೆರೆಯಲ್ಲಿ ಅಷ್ಟು ನೀರಿರಬೇಕಲ್ಲ ಎಂದರು. ಆಂಪ್ಲಿಫೈಯರು 20 ವೋಲ್ಟ್ ಹೊರಹಾಕುತ್ತಿದೆಯೆನ್ನೋಣ. 8 ಓಮಿನ ಸ್ಪೀಕರಿಗೆ ಅದು ಎರಡೂವರೆ ಆಂಪಿಯರ್ ವಿದ್ಯುತ್ತನ್ನು, ಅಂದರೆ 50 ವ್ಯಾಟನ್ನು ಕೊಡಬೇಕು. 4 ಓಮಿಗೆ 5 ಆಂಪಿಯರ್, 100 ವ್ಯಾಟ್. 1 ಓಮಿಗೆ ಇಳಿದರೆ 20 ಆಂಪಿಯರ್, 400 ವ್ಯಾಟ್! ಒಳಗಿನ ಟ್ರಾನ್ಸ್‌ಫಾರ್ಮರು ಅಷ್ಟು ದೊಡ್ಡದಿರದಿದ್ದರೆ ಯಂತ್ರ ಕಾದು ಬಸವಳಿಯುತ್ತದೆ. ಆದುದರಿಂದ ಕ್ಯಾಟಲಾಗಿನಲ್ಲಿ 8 ಓಮಿಗೆ ಎಷ್ಟು ವ್ಯಾಟೆಂದು ನೋಡಿದರೆ ಸಾಲದು. 4 ಓಮಿಗೆ ಎಷ್ಟೆಂಬುದನ್ನೂ ಓದಬೇಕು. ಅದು ಹೆಚ್ಚುಕಡಿಮೆ ಎರಡು ಪಟ್ಟಾಗಿದ್ದರೆ ಒಳಗೆ ಕೆರೆ ತುಂಬಿದೆಯೆಂದು ತಿಳಿಯಬಹುದು. ಏನನ್ನೂ ಬರೆದಿರದಿದ್ದರೆ ಅಂಗಡಿಯವರನ್ನು ಕೇಳಲು ಸಂಕೋಚಪಡಬಾರದು.

ಇದರಲ್ಲಿ ಇನ್ನೊಂದು ತೊಡಕಿದೆ. ಚೀಟಿಯ ಮೇಲಿನ 8 ಅಥವಾ 4 ಎಂಬುದು ಒಟ್ಟಾರೆ ಹೇಳುವ ಅಂಕಿ. ನಿಜದಲ್ಲಿ ಸ್ಪೀಕರಿನ ತಡೆ ಸ್ವರದಿಂದ ಸ್ವರಕ್ಕೆ ಏರಿಳಿಯುತ್ತದೆ. ಒಂದೆಡೆ 20 ಓಮಿಗೆ ಏರಿ ಇನ್ನೊಂದೆಡೆ 3ಕ್ಕೆ ಇಳಿಯಬಹುದು. ಚಕ್ಕಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನಿಂದ ಊರಿಗೆ ಐದು ಮೈಲಿ ಎಂದರೆ ದಾರಿಯಲ್ಲಿನ ಏರು ಇಳಿವು, ಹಳ್ಳದ ಉಸುಕು ಅದರಲ್ಲಿ ಬರುವುದಿಲ್ಲ; ಎತ್ತುಗಳು ಸೋಲುವುದು ಆ ಉಸುಕಿನಲ್ಲಿಯೇ.

ಈ ಮಾತಿಗೆ ಜಗತ್ತಿನ ಹೆಸರಾಂತ ಸ್ಪೀಕರುಗಳ ಚರಿತ್ರೆಯೇ ಸಾಕ್ಷಿ. ಇಂಗ್ಲೆಂಡಿನ ಹಂಟಿಂಗ್‌ಡನ್ ಎಂಬಲ್ಲಿ ಪೀಟರ್ ವಾಕರ್ ಎಂಬ ಎಂಜಿನಿಯರರು ಕ್ವಾಡ್ ಹೆಸರಿನಲ್ಲಿ ಆಂಪ್ಲಿಫೈಯರುಗಳನ್ನು ತಯಾರಿಸುತ್ತಿದ್ದರು. 1957ರಲ್ಲಿ ಅವರು ಮಾರಾಟಕ್ಕೆ ತಂದ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರಿನಲ್ಲಿ ಕಾಗದದ ಶಂಕುವಿಲ್ಲ, ಪೆಟ್ಟಿಗೆಯೂ ಇಲ್ಲ. ಅತಿ ತೆಳುವಾದ ಪ್ಲಾಸ್ಟಿಕ್ ಪೊರೆಯೊಂದು ಹೆಚ್ಚಿನ ವೋಲ್ಟಿನ ವಿದ್ಯುತ್ ಕ್ಷೇತ್ರದಲ್ಲಿ ಅಲುಗಿ ಧ್ವನಿ ಹೊರಡಿಸುತ್ತದೆ. ಮನುಷ್ಯರ ಕಂಠವನ್ನು ಅದರಷ್ಟು ಸಹಜವಾಗಿ ಕೇಳಿಸುವ ಸ್ಪೀಕರುಗಳು ವಿರಳವೆಂದು ಬಲ್ಲವರು ಇಂದಿಗೂ ಹೇಳುತ್ತಾರೆ. ಆದರೆ ಅದರ ತಡೆ ಎತ್ತರದ ಸ್ವರಗಳಲ್ಲಿ 2 ಓಮಿನ ಆಸುಪಾಸಿಗೆ ಕುಸಿಯುತ್ತದೆ. ವಾಕರರದೇ ಕ್ವಾಡ್ 2 ಎಂಬ ವಾಲ್ವ್ ಆಂಪ್ಲಿಫೈಯರು ಕೇವಲ 15 ವ್ಯಾಟಿನದು. ಅದರೊಡನೆ ಈ ಸ್ಪೀಕರು ಒಂದೇ ತಾಯಿಯ ಮಕ್ಕಳಂತೆ ಬಾಳಿತು. ಹೆಚ್ಚು ಶಕ್ತಿ ಕೊಟ್ಟರೆ ಒಳ್ಳೆಯದಾದೀತೆಂದು ದೊಡ್ಡ ಆಂಪ್ಲಿಫೈಯರು ಜೋಡಿಸಿದವರ ಸ್ಪೀಕರಿನ ಪೊರೆಯಲ್ಲಿ ಕಿಡಿ ಹಾರಿ ತೂತು ಬಿದ್ದುದುಂಟು. ಅದೇ ಕಂಪನಿ 1970ರ ದಶಕದಲ್ಲಿ 100 ವ್ಯಾಟಿನ ಆಂಪ್ಲಿಫೈಯರನ್ನು ಹೊರತಂದಾಗ, ತನ್ನದೇ ಹಳೆಯ ಸ್ಪೀಕರಿಗೆ ಅದನ್ನು ಜೋಡಿಸುವವರಿಗಾಗಿ ವೋಲ್ಟೇಜನ್ನು ತಡೆದು ನಿಲ್ಲಿಸುವ ವ್ಯವಸ್ಥೆ ಮಾಡಬೇಕಾಯಿತು. ನಮ್ಮ ಮನೆಯಲ್ಲಿ ಸಾಲದೆ ಕೆಟ್ಟಿತು. ಅಲ್ಲಿ ಹೆಚ್ಚಾಗಿ ಕೆಟ್ಟಿತು.

ಅಮೆರಿಕೆಯಲ್ಲಿ 1980ರ ದಶಕದಲ್ಲಿ ಬಂದ ಅಪೋಜಿ ಸಿಂಟಿಲಾ ಎಂಬ ಆಳೆತ್ತರದ ಸ್ಪೀಕರಿನ ತಡೆ ಒಂದೇ ಓಮ್. ಮೇಲಿನ 400 ವ್ಯಾಟಿನ ಲೆಕ್ಕ ಓದುಗರಿಗೆ ನೆನಪಿರಬಹುದು. ಸಾಮಾನ್ಯ ಆಂಪ್ಲಿಫೈಯರುಗಳು ಅದರ ಮುಂದೆ ನಿಲ್ಲಲಾರದೆ ಹೋದುವು.

ಇವಕ್ಕೆ ವಿರುದ್ಧವಾದುದು ಪಾಲ್ ಕ್ಲಿಪ್ಷ್ ಎಂಬ ಅಮೆರಿಕದ ಎಂಜಿನಿಯರರು 1940ರ ದಶಕದಲ್ಲಿ ರೂಪಿಸಿದ ಕ್ಲಿಪ್ಷ್‌ಹಾರ್ನ್. ಕೋಣೆಯ ಮೂಲೆಯಲ್ಲಿ ನಿಲ್ಲಿಸಬೇಕಾದ, ನಮ್ಮ ಹಳೆಯ ಕಾಲದ ಕಣಜದಂಥ ಪೆಟ್ಟಿಗೆ ಅದು. ಕೋಣೆಯ ಗೋಡೆಗಳನ್ನೇ ಕಹಳೆಯ ಬಾಯಂತೆ ಬಳಸಿಕೊಳ್ಳುವುದರಿಂದ ಅದರ ಸೆನ್ಸಿಟಿವಿಟಿ ಸುಮಾರು 105 ಡೆಸಿಬೆಲ್. ಇಂಥದಕ್ಕೆ 300ಬಿ ಎಂಬ ಹಳೆಯ ವಾಲ್ವಿನಿಂದ ದೊರೆಯುವ ಏಳೆಂಟು ವ್ಯಾಟ್ ಧಾರಾಳ. ಅದೇ ಬ್ರಿಟನ್ನಿನ ಬಿಬಿಸಿ ಸಂಸ್ಥೆ 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವಾಹನಗಳೊಳಗೆ ಇಡಲೆಂದು ರೂಪಿಸಿದ ಎಲ್ಎಸ್ 3/5ಎ ಎಂಬ ಪುಟ್ಟ ಸ್ಪೀಕರಿನ ಸೆನ್ಸಿಟಿವಿಟಿ ಸುಮಾರು 83. ವ್ಯಾನಿನಲ್ಲಿ ಕುಳಿತ ಎಂಜಿನಿಯರು ಕೈಯಳತೆಯಲ್ಲಿ ಆಲಿಸುವುದಕ್ಕೆ, ಮುಖ್ಯವಾಗಿ ಮಾತಿನ ಸ್ಪಷ್ಟತೆಯನ್ನು ಪರೀಕ್ಷಿಸುವುದಕ್ಕೆ ಅದು ಹುಟ್ಟಿದ್ದು. ಆ ಕೆಲಸದಲ್ಲಿ ಅದನ್ನು ಮೀರಿಸುವುದು ಕಷ್ಟ. ಎರಡರ ನಡುವಿನ ಅಂತರ 22 ಡೆಸಿಬೆಲ್. ಅಂದರೆ ಮೊದಲನೆಯದು ಒಂದು ವ್ಯಾಟಿನಲ್ಲಿ ಮಾಡುವುದನ್ನು ಎರಡನೆಯದು ಮಾಡಲು ನೂರೈವತ್ತಕ್ಕೂ ಹೆಚ್ಚು ವ್ಯಾಟ್ ಬೇಕು. ಎರಡೂ ಶ್ರೇಷ್ಠವೇ. ಯಾವುದು ಒಳ್ಳೆಯದೆಂದು ಕೇಳಿದರೆ ಏನೆಂದು ಹೇಳೋಣ?

ವಾಲ್ವ್ ಆಂಪ್ಲಿಫೈಯರುಗಳ ಮಾತು ಬಂದುದರಿಂದ ಒಂದು ವಿಷಯ. ಅವುಗಳ ಕೆಂಡದಂಥ ಬೆಳಕು, ಮೃದು ದನಿಗಳಿಗೆ ಮನಸೋತವರು ನಮ್ಮಲ್ಲಿಯೂ ಹೆಚ್ಚುತ್ತಿದ್ದಾರೆ. ಆಕ್ಷೇಪವೇನಿಲ್ಲ. ಆದರೆ ಇಂಥ ಹಲವು ಆಂಪ್ಲಿಫೈಯರುಗಳೊಳಗೇ ಒಂದೆರಡು ಓಮಿನ ತಡೆ ಇರುತ್ತದೆ. ಅದರೆದುರು 4ರಿಂದ 20 ಓಮಿನವರೆಗೆ ಏರಿಳಿಯುವ ಸ್ಪೀಕರನ್ನು ಜೋಡಿಸಿದರೆ ಕೆಲವು ಸ್ವರಗಳು ಎರಡೂವರೆ ಡೆಸಿಬೆಲ್ಲಿನಷ್ಟು ಎದ್ದು, ಕೆಲವು ಅಡಗಿ ಕೇಳಿಸುತ್ತವೆ. ಮೃದುತ್ವವೆಂದು ಮೆಚ್ಚಿಕೊಂಡುದು ಕೆಲವೊಮ್ಮೆ ಇದೇ ಆಗಿರುತ್ತದೆಂದು ನಮ್ಮ ಬೀಗರ ಅಭಿಪ್ರಾಯ. ನಮಗೂ ಹಾಗೆಯೇ ಅನ್ನಿಸುತ್ತದೆ. ತಡೆ ಹೆಚ್ಚು ಏರಿಳಿಯದ, ಸೆನ್ಸಿಟಿವಿಟಿ 90ಕ್ಕೆ ಮೇಲಿರುವ ಸ್ಪೀಕರು ಸಿಕ್ಕರೆ ವಾಲ್ವಿಗೆ ತಕ್ಕ ಜೋಡಿ. ಹಿಂಬದಿಯಲ್ಲಿ 4, 8, 16 ಎಂದು ಬರೆದ ತಿರುಪುಗಳಿದ್ದರೆ ಸ್ಪೀಕರಿಗೆ ಹೊಂದುವುದಕ್ಕೇ ತಂತಿ ಕಟ್ಟಬೇಕು.

ಇನ್ನು ಕೋಣೆ. ಹೆಚ್ಚು ಹೇಳಬೇಕಾದುದು ಇದರ ಬಗ್ಗೆಯೇ, ಜನ ಕಡಿಮೆ ಯೋಚಿಸುವುದೂ ಇದರ ಬಗ್ಗೆಯೇ. ಎರಡನೆಯ ದಿನ ಬೆಳಿಗ್ಗೆ ಬೀಗರು ನಮ್ಮ ಹಾಲಿನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರು. ಗೋಡೆಯಿಂದ ಗೋಡೆಗೆ ಪುಟಿದು ಝಣ್ಣೆಂದು ಉಳಿದ ದನಿಯನ್ನು ಆವರೆಗೆ ನಾವು ಕೇಳಿಯೇ ಇರಲಿಲ್ಲ. ಹೊಳೆಯುವ ಟೈಲ್ಸ್ ನೆಲ, ಕಾಂಕ್ರೀಟಿನ ಸೂರು, ಗಾಜಿನ ಕಿಟಕಿ: ಧ್ವನಿಯನ್ನು ಹೀರುವಂಥದು ಒಂದೂ ಇಲ್ಲ. ಧಾರವಾಡದ ಮನೆಯ ಪಡಸಾಲೆಗೆ ದಪ್ಪ ಮಣ್ಣಿನ ಗೋಡೆ, ತೊಲೆ ಜಂತಿಗಳ ಮಾಳಿಗೆ, ಒಂದು ಮೂಲೆಯಲ್ಲಿ ಜೋಳದ ಚೀಲ, ಇನ್ನೊಂದರಲ್ಲಿ ಮಡಿಚಿಟ್ಟ ಹಾಸಿಗೆಗಳ ರಾಶಿ. ಅಲ್ಲಿ ಹಾಡಿದ ಸ್ವರ ಹಾಡಿದಷ್ಟೇ ಉಳಿಯುತ್ತಿತ್ತು. ಇಲ್ಲಿ ಒಂದು ತಾನದ ಬಾಲ ಇನ್ನೊಂದು ತಾನದ ಮೇಲೆ ಬೀಳುತ್ತಿತ್ತು. ವಯಸ್ಸಾದವರ ಕಿವಿಗೆ ಇದು ಇನ್ನೂ ಕಷ್ಟ. ಮೇಲುದನಿಗಳು ಮೊದಲೇ ಮಂದವಾಗಿರುವಾಗ ವ್ಯಂಜನಗಳ ಅಂಚು ಈ ಅನುರಣನದಲ್ಲಿ ಮುಳುಗಿಹೋಗುತ್ತದೆ. ದನಿ ಹೆಚ್ಚಿಸಿದರೆ ಅನುರಣನವೂ ಅಷ್ಟೇ ಹೆಚ್ಚುವುದು.

ಈ ವಿದ್ಯೆಗೆ ತಳಹದಿ ಹಾಕಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ತರುಣ ಅಧ್ಯಾಪಕ ವ್ಯಾಲೇಸ್ ಸೇಬಿನ್. 1895ರಲ್ಲಿ ಅಲ್ಲಿನ ಫಾಗ್ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತೊಂದು ಐದೂವರೆ ಸೆಕೆಂಡಿನವರೆಗೆ ಗುಂಯ್‌ಗುಡುತ್ತಿತ್ತು. ಪಾಠ ಯಾರಿಗೂ ತಿಳಿಯುತ್ತಿರಲಿಲ್ಲ. ಸೇಬಿನ್ನರು ಪಕ್ಕದ ನಾಟಕ ಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿಯ ವೇಳೆ ಹೊತ್ತುತಂದು, ಸಾಲುಸಾಲಾಗಿ ಹಾಸಿ, ಒಂದೊಂದು ಸಾಲಿಗೂ ಧ್ವನಿ ಎಷ್ಟು ಬೇಗ ಅಡಗುವುದೆಂದು ಅಳೆದರು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಮರಳಿಸಬೇಕಾಗುತ್ತಿತ್ತು! ಧ್ವನಿಯನ್ನು ಪಳಗಿಸುವ ಶಾಸ್ತ್ರ ಮೊದಲಾದದ್ದು ಹೀಗೆ ಮೆತ್ತೆ ಹೊರುವುದರಿಂದ.

ನಮ್ಮ ಮನೆಯಾಕೆಯೂ ಅಂದು ಅದನ್ನೇ ಮಾಡಿದರು. ಅತ್ತೆಯವರು ಕೈಯಾರೆ ಹೊಲಿದಿದ್ದ ದಪ್ಪ ಕೌದಿಯೊಂದನ್ನು ಪೆಟ್ಟಿಗೆಯಿಂದ ತೆಗೆದು ಸ್ಪೀಕರುಗಳ ಎದುರುಗೋಡೆಗೆ ತೂಗುಹಾಕಿದರು. ನವಲಗುಂದದ ಜಮಖಾನ ನೆಲಕ್ಕೆ ಬಂತು. ಮಕ್ಕಳ ಕೋಣೆಯಲ್ಲಿದ್ದ ಪುಸ್ತಕದ ಕಪಾಟು ಪಕ್ಕದ ಗೋಡೆಗೆ ಸರಿಯಿತು. ಏರುಪೇರಾಗಿ ಜೋಡಿಸಿದ ಪುಸ್ತಕಗಳು ಧ್ವನಿಯನ್ನು ಚದುರಿಸುವುದರಲ್ಲಿ ಬಲು ನಿಪುಣ. ಮತ್ತೆ ಚಪ್ಪಾಳೆ ತಟ್ಟಿದಾಗ ಝಣತ್ಕಾರ ಅರ್ಧಕ್ಕರ್ಧ ಇಳಿದಿತ್ತು. ಖರ್ಚು ನಾಲ್ಕು ಮೊಳೆಗಳದು.

ಆದರೆ ಕೌದಿಯಿಂದ ಕೆಳಗಿನ ಸ್ವರಗಳು ಪಳಗುವುದಿಲ್ಲ; ಅವುಗಳ ಅಲೆಗಳು ಬಹಳ ಉದ್ದ. ಕೋಣೆಯ ಉದ್ದವನ್ನು ಮೀಟರಿನಲ್ಲಿ ಅಳೆದು 172ನ್ನು ಅದರಿಂದ ಭಾಗಿಸಿದರೆ ಆ ಕೋಣೆ ಯಾವ ಸ್ವರಕ್ಕೆ ಅನುರಣಿಸುವುದೆಂಬುದು ಸಿಗುತ್ತದೆ. ಹನ್ನೆರಡು ಅಡಿಗೆ 47 ಹರ್ಟ್ಸ್. ಹನ್ನೆರಡು ಅಡಿಗೆ ಹನ್ನೆರಡು ಅಡಿಯ ಚೌಕ ಕೋಣೆಯಾದರೆ ಉದ್ದ ಅಗಲಗಳೆರಡೂ ಅದೇ ಸ್ವರಕ್ಕೆ, ಅದರ ಇಮ್ಮಡಿಗೆ ಸ್ಪಂದಿಸಿ ಡಗ್ಗಾದ ಗುಮಕಿ ಸಿಡಿಲಿನಂತೆ ಗುಡುಗುತ್ತದೆ. ಸಂಗೀತ ಕೇಳಲು ಕೋಣೆ ಆರಿಸುವ ಅವಕಾಶವಿದ್ದವರು ಚೌಕವನ್ನು ಬಿಟ್ಟು ಉದ್ದನೆಯದನ್ನು ಹಿಡಿಯುವುದು ಲೇಸು. ಸ್ಪೀಕರುಗಳನ್ನು ಮೂಲೆಗೆ ತುರುಕಬಾರದು. ಕ್ಲಿಪ್ಷ್‌ಹಾರ್ನಿನಂತೆ ಮೂಲೆಗೆಂದೇ ಹುಟ್ಟಿದವುಗಳ ಮಾತು ಬೇರೆ. ಗೋಡೆಯಿಂದ ಎರಡು ಮೂರು ಅಡಿ ಮುಂದೆ, ಎರಡರ ನಡುವಿನ ಅಂತರದಷ್ಟೇ ದೂರದಲ್ಲಿ ಕೇಳುವವರು ಎಂಬುದು ಆರಂಭಕ್ಕೆ ಒಳ್ಳೆಯ ಅಳತೆ. ಆಮೇಲೆ ಗೇಣು ಗೇಣಾಗಿ ಸರಿಸುತ್ತ ಕಿವಿಯಿಂದಲೇ ನಿರ್ಧರಿಸಬೇಕು.

ಯಾವ ಸಂಗೀತಕ್ಕಾಗಿ ಎಂಬುದನ್ನೂ ನೋಡಬೇಕಲ್ಲವೇ? ಗಂಡುದನಿಯ ಹಿಂದೂಸ್ತಾನಿ ಗಾಯನದಲ್ಲಿ ಹಾರ್ಮೋನಿಯಮ್ಮಿನ ಕಪ್ಪು ಒಂದನ್ನು ಷಡ್ಜವಾಗಿಟ್ಟುಕೊಂಡರೆ ಅದು ಸುಮಾರು 139 ಹರ್ಟ್ಸ್. ತಂಬೂರಿಯ ಖರ್ಜದ ತಂತಿ ಅದರ ಅರ್ಧ, ಸುಮಾರು 69. ಅದಕ್ಕಿಂತ ಬಹಳ ಕೆಳಗಿನ ಗುಡುಗು ನಮಗೆ ಬೇಕಾಗುವುದೇ ಇಲ್ಲ. ಸಿನಿಮಾದ ಸ್ಫೋಟಗಳಿಗೆಂದು ಮಾರುವ ದೊಡ್ಡ ಡಬ್ಬಿಗೆ ಹಣ ಸುರಿಯುವ ಬದಲು ನಡುವಿನ ಸ್ವರಗಳು ನಿರ್ಮಲವಾಗಿ ಬರುವ ಸ್ಪೀಕರನ್ನು ಆರಿಸಿದರೆ ಕಂಠಸಂಗೀತ ಪ್ರಿಯರು ಗೆದ್ದಂತೆ. ದುಬಾರಿ ತಂತಿಗಳ ಜಾಹೀರಾತಿಗೂ ಮರುಳಾಗಬೇಕಿಲ್ಲ. ಐದು ಮೀಟರಿನ ದೂರಕ್ಕೆ ವಿದ್ಯುತ್ ಅಂಗಡಿಯಲ್ಲಿ ದೊರೆಯುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಹೋಗಿಬರುವಾಗ ಒಡ್ಡುವ ತಡೆ ಒಂದು ಓಮಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಕೆಂಪು ತುದಿ ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಿದೆಯೇ ಎಂದು ಮಾತ್ರ ಎರಡು ಸಲ ನೋಡಬೇಕು. ಒಂದು ಕಡೆ ಅದಲುಬದಲಾದರೆ ಕೆಳಸ್ವರಗಳು ಮಾಯವಾಗಿ, ಗಾಯಕರು ಎಲ್ಲಿ ಕುಳಿತಿದ್ದಾರೆಂಬುದೇ ತಿಳಿಯದಾಗುತ್ತದೆ.

ಬೀಗರು ಊರಿಗೆ ಮರಳುವ ಮೊದಲು ತಂದೆಯವರನ್ನು ಕಿವಿಯ ವೈದ್ಯರಲ್ಲಿಗೆ ಕರೆದೊಯ್ದೆವು. ಪರೀಕ್ಷೆಯ ಫಲ: ವಯಸ್ಸಿಗೆ ತಕ್ಕಂತೆ ಮೇಲುದನಿಗಳು ತಗ್ಗಿವೆ, ಮಾತಿನ ಸ್ವರಗಳಲ್ಲಿ ಹೇಳಿಕೊಳ್ಳುವಂಥ ದೋಷವಿಲ್ಲ. ಆ ಕಾಗದವನ್ನು ಅವರು ಮೂರು ಬಾರಿ ಓದಿದರು. ನಾವು ತಲೆತಗ್ಗಿಸಿದೆವು, ವರ್ಷದ ಹಿಂದೆಯೇ ಮಾಡಿಸಬೇಕಾಗಿದ್ದ ಪರೀಕ್ಷೆ ಅದು.

ಮುಂದಿನ ತಿಂಗಳು ಧಾರವಾಡದಿಂದ ಟೆಂಪೋದಲ್ಲಿ ಹಳೆಯ ಪೆಟ್ಟಿಗೆಗಳು ಬಂದುವು. ಅವಕ್ಕಾಗಿ ತಂದೆಯವರ ಕೋಣೆಯಲ್ಲಿ ಜಾಗ ಮಾಡಿದೆವು. ಹಳೆಯ 30 ವ್ಯಾಟಿನ ಆಂಪ್ಲಿಫೈಯರು ತನ್ನ ಹಳೆಯ ಜೋಡಿಯನ್ನು ಸೇರಿತು. ಈಗ ಅದು ಎರಡು ಗಂಟೆ ನಡೆದರೂ ಬೆಚ್ಚಗಷ್ಟೇ ಇರುತ್ತದೆ. ಹಾಲಿನಲ್ಲಿರುವ ಹೊಸ ಸ್ಪೀಕರುಗಳಿಗೆ 4 ಓಮಿಗೆ 200 ವ್ಯಾಟ್ ಕೊಡಬಲ್ಲ ಆಂಪ್ಲಿಫೈಯರನ್ನು 2021ರಲ್ಲಿ, ಈ ಬಾರಿ ಮನೆಗೇ ತರಿಸಿ, ಎರಡು ದಿನ ಕೇಳಿ ನೋಡಿ ಕೊಂಡೆವು. ಅವು ಕೆಟ್ಟ ಸ್ಪೀಕರುಗಳಾಗಿರಲಿಲ್ಲವೆಂಬುದು ಆಗ ತಿಳಿಯಿತು.

ಹಳೆಯ ಪೆಟ್ಟಿಗೆಗಳು ಬಂದ ಸಂಜೆ ತಂದೆಯವರು ಧೋತರದ ಗಂಟು ಬಿಚ್ಚಿ ಒಂದು ರೆಕಾರ್ಡು ಆರಿಸಿದರು. ಮುಳ್ಳನ್ನು ತಾವೇ ಇಳಿಸಿದರು. ತಂಬೂರಿ ಎರಡು ಸುತ್ತು ನುಡಿಯಿತು. ಮನ್ಸೂರರ ಮೊದಲ ಆಕಾರ ಕೋಣೆಯೊಳಗೆ ಬಂತು. ವರ್ಷದ ಅಭ್ಯಾಸಬಲದಿಂದ ನಮ್ಮ ಕೈ ದನಿ ಏರಿಸುವ ಗುಂಡಿಯ ಕಡೆಗೆ ಹೋಯಿತು. ತಂದೆಯವರು ಕಣ್ಣು ತೆರೆಯದೆಯೇ ಅಂದರು: “ಸಾಕು ತಮ್ಮಾ, ಇನ್ನ ದೊಡ್ಡದು ಮಾಡಬ್ಯಾಡ.”